ದೊಡ್ಡಬಳ್ಳಾಪುರಕ್ಕೆ ಮೂರು ಬಟ್ಟೆಚಕ್ರ

ಯುದ್ಧ ಇನ್ನೂ ಮುಗಿದಿರಲಿಲ್ಲ. ಪೆಟ್ರೋಲು ಸಿಗದೆ ಬಸ್ಸುಗಳು ಹಿಂದೆ ಕಟ್ಟಿದ ಡ್ರಮ್ಮಿನಲ್ಲಿ ಇದ್ದಿಲು ಉರಿಸಿ, ಆ ಗ್ಯಾಸಿನಲ್ಲಿ ಓಡುತ್ತಿದ್ದವು. ಬೆಳಿಗ್ಗೆ ಕಲಾಸಿಪಾಳ್ಯದಲ್ಲಿ ದೊಡ್ಡಬಳ್ಳಾಪುರದ ಬಸ್ಸು ಹತ್ತಿದಾಗ ನನ್ನ ಚೀಲದಲ್ಲಿ ಮೂರು ಹಲ್ಲುಚಕ್ರಗಳಿದ್ದವು. ಕಬ್ಬಿಣದವಲ್ಲ, ಬಟ್ಟೆಯವು. ಹತ್ತಿಬಟ್ಟೆಯನ್ನು ಬೇಕಲೈಟ್ ಅಂಟಿನಲ್ಲಿ ಅದ್ದಿ, ಪದರದ ಮೇಲೆ ಪದರ ಪೇರಿಸಿ, ಕಾದ ಉಕ್ಕಿನ ಹಲಗೆಗಳ ನಡುವೆ ಒತ್ತಿದರೆ ಮರಕ್ಕಿಂತ ಗಟ್ಟಿಯಾಗುತ್ತದೆ. ಅದನ್ನು ಕೊರೆದು ಚಕ್ರ ಮಾಡಿದವನು ನಾನೇ. ನಮ್ಮ ಮನೆತನದಲ್ಲಿ ಬಿ.ಎಸ್ಸಿ. ಪಾಸಾದವನೂ ನಾನೊಬ್ಬನೇ. ಹೇಳಿಕೊಳ್ಳಲು ಸಂಕೋಚವಿಲ್ಲ, ಕಷ್ಟಪಟ್ಟು ಓದಿದ್ದೇನೆ.

ದೊಡ್ಡಬಳ್ಳಾಪುರದ ನಂಜುಂಡಪ್ಪನವರ ವಿದ್ಯುತ್ ಮಗ್ಗದಲ್ಲಿ ಮೋಟಾರಿನ ಪಕ್ಕದ ಚಕ್ರ ಮುರಿದು, ಮದುವೆಯ ಸೀರೆ ಅರ್ಧಕ್ಕೆ ನಿಂತಿತ್ತು. ಯುದ್ಧದಿಂದಾಗಿ ವಿಲಾಯಿತಿಯಿಂದ ಬೇರೆ ಚಕ್ರ ಬರುವಂತಿರಲಿಲ್ಲ. ನಮ್ಮದೂ ಮುರಿದರೆ ಈ ಕೆಲಸವನ್ನೇ ಕೈಬಿಡೋಣ ಎಂದು ನಾನು ಕೆಲಸ ಮಾಡುವ ಪ್ರಯೋಗಶಾಲೆಯ ಮುಖ್ಯಸ್ಥರು ಹೇಳಿದ್ದರು. ಮೂರಕ್ಕೂ ಒಂದೇ ಬಟ್ಟೆ, ಒಂದೇ ಅಂಟು, ಒಂದೇ ಒತ್ತಡ. ಬೇರೆಯಾದದ್ದು ಕಾವು ಮಾತ್ರ. ಕಡಿಮೆ ಕಾವಿನದು ಜೇನುಬಣ್ಣ, ನಡುಕಾವಿನದು ಕಂದು, ಹೆಚ್ಚು ಕಾವಿನದು ಕಪ್ಪು. ಕಲ್ಲಿದ್ದಲು ಉಳಿಯುತ್ತದೆಂದು ಮುಖ್ಯಸ್ಥರಿಗೆ ಜೇನುಬಣ್ಣದ್ದೇ ಇಷ್ಟ. ನನ್ನ ನಂಬಿಕೆಯೆಲ್ಲ ಕಂದಿನ ಮೇಲೆ.

"ಚೀಲ ಇಲ್ಲಿಟ್ರೆ ಜನ ಎಲ್ ನಿಂತ್ಕೋಬೇಕು ಸಾಮಿ? ಕೊಡಿ, ಹಿಂದ್ಗಡೆ ಕಟ್ತೀನಿ" ಎಂದು ಕಂಡಕ್ಟರು ಅದನ್ನು ಒಯ್ದ. ಯಲಹಂಕದಲ್ಲಿ ಇಡ್ಲಿ, ಕಾಫಿ ಆಯಿತು. ರಾಜಾನುಕುಂಟೆ ದಾಟಿದ ಮೇಲೆ ಒಂದು ಏರಿನಲ್ಲಿ ಬಸ್ಸು ನಿಂತೇಹೋಯಿತು. ಎಲ್ಲರೂ ಇಳಿದೆವು.

"ಟಿಕೀಟೂ ನಮ್ದೇ, ತಳ್ಳೋರೂ ನಾವೇನಾ?" ಎಂದರು ರುಮಾಲಿನ ಮುದುಕರೊಬ್ಬರು.

"ತಳ್ಳೋಕೆ ಬೇರೆ ಕಾಸು ಕೇಳಿದ್ನಾ ಯಜಮಾನ್ರೇ?" ಎಂದ ಕಂಡಕ್ಟರು.

ತಳ್ಳಲು ಹಿಂದೆ ಹೋದರೆ, ನನ್ನ ಚೀಲ ಇದ್ದಿಲು ಉರಿಯುವ ಡ್ರಮ್ಮಿಗೆ ಒರಗಿಕೊಂಡಿತ್ತು. ಕಿತ್ತು ಎದೆಗವಚಿಕೊಂಡೆ. ಸುಡುತ್ತಿತ್ತು. ಬಿಚ್ಚಿ ನೋಡುವ ಧೈರ್ಯ ಊರು ಮುಟ್ಟುವವರೆಗೂ ಬರಲಿಲ್ಲ.

ನಂಜುಂಡಪ್ಪನವರ ಪಡಸಾಲೆಯಲ್ಲಿ ಬಿಚ್ಚಿದೆ. ಜೇನುಬಣ್ಣದ್ದು ಸೊಟ್ಟಗಾಗಿ ಔಷಧಿಯ ವಾಸನೆ ಹೊಡೆಯುತ್ತಿತ್ತು.

"ಚಕ್ರ ಅಂದ್ರಿ, ಹಪ್ಪಳ ತಂದಿದೀರಲ್ಲ ಸಾರ್" ಎಂದರು ಅವರು.

ಉಳಿದೆರಡು ಒಂದಿಷ್ಟೂ ಸೊಟ್ಟಗಾಗಿರಲಿಲ್ಲ. ನನ್ನ ಕಂದು ಉಳಿದದ್ದಕ್ಕೆ ಕುಣಿಯುವಷ್ಟು ಖುಷಿ. ಜೇನುಬಣ್ಣದ್ದರಲ್ಲಿ ಕಾವು ಸಾಲದೆ ಅಂಟು ಪೂರ್ತಿ ಗಟ್ಟಿಯಾಗಿರಲಿಲ್ಲ, ಮತ್ತೆ ಬಿಸಿ ತಗುಲಿದ್ದೇ ಮೆತ್ತಗಾಗಿತ್ತು. ಇದನ್ನು ವಿವರಿಸುತ್ತಿರುವಾಗಲೇ ಅವರ ತಾಯಿ ಕಪ್ಪು ಚಕ್ರಕ್ಕೆ ಅರಿಶಿನ ಕುಂಕುಮ ಇಟ್ಟುಬಿಟ್ಟರು.

"ಅಮ್ಮ, ಅದಲ್ಲ, ಕಂದು ಬಣ್ಣದ್ದು ಹಾಕೋಣ" ಎಂದೆ.

"ಪೂಜೆ ಆದದ್ದನ್ನ ಪಕ್ಕಕ್ಕಿಡ್ತಾರೇನಪ್ಪಾ? ಚೆನ್ನಾಗ್ ಬೆಂದೈತೆ, ಅದನ್ನೇ ಹಾಕು."

ಹಾಕಿದೆವು. ನಂಜುಂಡಪ್ಪನವರು ಗುಂಡಿ ಒತ್ತಿದರು. ಲಾಳಿ ನಾಲ್ಕು ಸಲ ಓಡಾಡಿತೋ ಇಲ್ಲವೋ, ಹಲ್ಲುಗಳು ಪಟಪಟನೆ ಹಾರಿ ಗೋಡೆಗೆ ಬಡಿದವು. ಅವರು ಒಂದು ಚೂರನ್ನು ಎತ್ತಿ ಉಗುರಿನಿಂದ ಕೆದಕಿದರು. ಎಳೆ ಪುಡಿಯಾಗಿ ಉದುರಿತು.

"ನೂಲು ಸುಟ್ಟೋಗೈತಲ್ಲ ಸಾರ್."

"ಅದೇ. ಕಾವು ಮೀರಿದ್ರೆ ಅಂಟು ಗಟ್ಟಿ ಇದ್ರೂ ಒಳಗಿನ ಬಟ್ಟೆಗೆ ಕಸುವಿರಲ್ಲ."

ತಾಯಿ ಮತ್ತೆ ಕುಂಕುಮದ ಬಟ್ಟಲು ತಂದರು. "ಈ ಸಲ ಯಾವ್ದಕ್ಕಿಡ್ಲಿ, ನೀನೇ ಹೇಳಪ್ಪಾ."

"ಇರೋದೇ ಒಂದಲ್ವೇನಮ್ಮ" ಎಂದರು ಮಗ.

ಕಂದು ಚಕ್ರ ಕೂರಿಸಿದೆವು. ಮಗ್ಗ ಹಿಡಿದ ಲಯ ಬಿಡಲಿಲ್ಲ. ಗೇಣುದ್ದ ಸೀರೆ ಇಳಿಯಿತು, ಮೊಳ ಇಳಿಯಿತು. ಹತ್ತಿರ ಕೈ ಹಿಡಿದರೆ ಚಕ್ರ ಬೆಚ್ಚಗಷ್ಟೇ ಇತ್ತು. ಪರೀಕ್ಷೆಯ ಫಲಿತಾಂಶ ಬಂದ ದಿನವೂ ನನ್ನ ಎದೆ ಹಾಗೆ ಹೊಡೆದುಕೊಂಡಿರಲಿಲ್ಲ.

ಸಂಜೆಯ ಬಸ್ಸಿಗೆ ಹೊರಟು, "ಸ್ವಲ್ಪ ನಿಲ್ಸಿ, ಚಕ್ರ ಬಿಚ್ಕೋತೀನಿ. ನಮ್ಮ ಮುಖ್ಯಸ್ಥರಿಗೆ ತೋರಿಸ್ಬೇಕು" ಎಂದೆ.

ನಂಜುಂಡಪ್ಪನವರು ಮಗ್ಗದಿಂದ ಕಣ್ಣೆತ್ತಲಿಲ್ಲ. "ಇನ್ನೆಲ್ಲಿ ನಿಲ್ಸೋದು ಸಾರ್? ಅವರನ್ನೇ ಇಲ್ಲಿಗೆ ಕರ್ಕೊಂಡ್ ಬನ್ನಿ."

ಹಾಳಾದ ಎರಡು ಚಕ್ರಗಳನ್ನಷ್ಟೇ ಚೀಲಕ್ಕೆ ಹಾಕಿಕೊಂಡು ಬೀದಿಗಿಳಿದೆ. ಗೆದ್ದದ್ದು ಅಲ್ಲೇ ದುಡಿಯುತ್ತಿತ್ತು.