ಮೊದಲ ಕುಂದರ್ರಿ

ಸಂಶೋಧನೆ ಮಾಡುವವರು ದೂರ ನಿಂತು ನೋಡಬೇಕು ಎಂದು ಕಾಲೇಜಿನಲ್ಲಿ ನನಗೆ ಹೇಳಿಕೊಟ್ಟಿದ್ದರು. ಎಪ್ಪತ್ತರ ದಶಕದ ಆ ಬೇಸಿಗೆಯಲ್ಲಿ, ಚಿಕ್ಕ ಮಕ್ಕಳು ಮಾತು ಕಲಿಯುವ ಬಗೆಯನ್ನು ಬರೆದುಕೊಳ್ಳಲು ಆಲಮೇಲದ ಬಾಲವಾಡಿಗೆ ಹೋದವಳು ಬಾಗಿಲಲ್ಲೇ ನಿಂತೆ.

“ಮೊದಲ ಕುಂದರ್ರಿ,” ಎಂದರು ಅಲ್ಲಿ ಕಲಿಸುತ್ತಿದ್ದ ಅಕ್ಕೋರು, ಯಾವುದೋ ಮಗುವಿನ ಮೂಗನ್ನು ಸೆರಗಿನಿಂದ ಒರೆಸುತ್ತ.

ನಾನು ಕೂರಲಿಲ್ಲ. ಮೂರು ದಿನ ಒಂದು ಮಗುವೂ ಬಾಯಿ ಬಿಡಲಿಲ್ಲ. ‘ಈ ಮಕ್ಕಳಿಗೆ ಮಾತು ಕಡಿಮೆ’ ಎಂದು ಬರೆದುಕೊಂಡೆ.

ನಾಲ್ಕನೆಯ ದಿನ ಅಕ್ಕೋರು ನನ್ನ ಹೆಗಲಿನ ಚೀಲ ತೆಗೆದು ಹೊರಗಿಟ್ಟರು. “ಹುಡುಗ್ರು ನಿಮ್ಮನ್ನ ಸೂಜಿ ಮಾಡೋ ನರ್ಸಬಾಯಿ ಅಂತ ತಿಳದಾರ್ರಿ. ಮೊದಲ ಕುಂದರ್ರಿ.”

ಚಾಪೆಯ ಮೇಲೆ ಕುಳಿತೆ. ಸ್ವಲ್ಪ ಹೊತ್ತಿಗೆ ಒಬ್ಬ ಹುಡುಗಿ ನನ್ನ ಮೊಣಕಾಲಿಗೆ ಒರಗಿ, ತಮ್ಮ ಎಮ್ಮೆ ಈದ ಸುದ್ದಿ ಹೇಳಿದಳು. ಆಮೇಲೆ ಎಲ್ಲರದೂ ಮಾತೇ ಮಾತು. ಬರೆದುಕೊಳ್ಳುವ ನನ್ನ ವಹಿ ತುಂಬಿತು.

ಮಧ್ಯಾಹ್ನ ಮಕ್ಕಳು ಹೋದ ಮೇಲೂ ಅಕ್ಕೋರು ಖಾಲಿ ಚಾಪೆಯ ಮೇಲೆ ಕುಳಿತೇ ಇರುತ್ತಿದ್ದರು. ಮನೆಗೆ ಹೋಗುವ ಅವಸರ ಅವರಲ್ಲಿ ನಾನು ಎಂದೂ ಕಾಣಲಿಲ್ಲ.

ಕೊನೆಯ ದಿನ ನಾನು ಸಿಂದಗಿ ಬಸ್ಸಿಗೆ ಹೊರಟಾಗ ಅವರು ಚಾಪೆಯ ತುದಿಗೆ ಸರಿದು ಜಾಗ ಮಾಡಿದರು. “ಹುಡುಗ್ರು ಮಾತಾಡಿದ್ದೆಲ್ಲಾ ಬರಕೊಂಡ್ರಿ. ಇನ್ನೊಂದೀಟು ಕುಂದರ್ರಿ, ನಾನೂ ಮಾತಾಡ್ತೇನಿ.”

“ಬಸ್ಸಿನ ಹೊತ್ತಾತ್ರಿ,” ಎಂದೆ, ನಿಂತೇ.