ಸನ್ಮಾನದ ಶಾಲು, ಸೀಟಿನ ಸ್ಪ್ರಿಂಗು

ಮಿರ್ಚಿ ಭಜಿ ತಿನ್ನುತ್ತ, ಅದನ್ನು ಕಟ್ಟಿಕೊಟ್ಟ ಹಳೆಯ ಪತ್ರಿಕೆ ಓದುವುದು ನನ್ನ ಚಟ. ನಿನ್ನೆ ಎಣ್ಣೆಯ ಕಲೆಯ ಕೆಳಗೆ ಒಂದು ಸುದ್ದಿ ಸಿಕ್ಕಿತು. ಊರೂರಿಗೆ ಹಾರುವ ಸಣ್ಣ ವಿಮಾನ ಕಂಪನಿಗಳಿಗೆ ಪೈಲಟ್‌ಗಳ ಬರವಂತೆ. ಇದ್ದವರು ಬಿಟ್ಟುಹೋಗದಂತೆ ಬಾಂಡು ಬರೆಸಿಕೊಳ್ಳುತ್ತಾರಂತೆ, ಉದ್ದುದ್ದ ಪದವಿ ಕೊಡುತ್ತಾರಂತೆ, ಹೋಟೆಲಿಗೆ ಕರೆದು ಹಾರ ಹಾಕುತ್ತಾರಂತೆ. ನಗು ತಡೆಯಲಾಗದೆ ಖಾರ ನೆತ್ತಿಗೇರಿತು. ಈ ವಿದ್ಯೆಯನ್ನು ನಮ್ಮ ಗಂಗಾವತಿಯ ಸಾವಕಾರರು ಎಷ್ಟೋ ವರ್ಷದ ಹಿಂದೆಯೇ ಅರೆದು ಕುಡಿದಿದ್ದರು.

ಆಗ ನಾನು ಅವರ ರೈಸ್ ಮಿಲ್ಲಿನಲ್ಲಿ ಗುಮಾಸ್ತ. ಕಾಲುವೆ ನೀರು ಬಂದು ಊರ ತುಂಬ ಮಿಲ್ಲುಗಳು ಎದ್ದಿದ್ದವು, ಲಾರಿಗಳೂ ಬಂದಿದ್ದವು. ಡ್ರೈವರುಗಳು ಮಾತ್ರ ಕಾಲುವೆಯಲ್ಲಿ ಹರಿದು ಬರಲಿಲ್ಲ. ಸುಗ್ಗಿ ಬಂತೆಂದರೆ ಒಬ್ಬರ ಡ್ರೈವರನ್ನು ಇನ್ನೊಬ್ಬರು ಚಹಾ ಕುಡಿಸಿ ಹಾರಿಸಿಕೊಂಡು ಹೋಗುತ್ತಿದ್ದರು. ನಮಗೆ ಉಳಿದವನು ಯಲಬುರ್ಗಾದ ದ್ಯಾಮಣ್ಣ ಒಬ್ಬನೇ. ಅವನೂ ಹೋದರೆ ಅಕ್ಕಿಗೆ ಗೋದಾಮಿನಲ್ಲೇ ಹುಳ ಬೀಳಬೇಕಿತ್ತು.

ದ್ಯಾಮಣ್ಣ ಕೇಳಿದ್ದಾದರೂ ಏನು? “ಸಾವಕಾರ್ರ, ನಂಗೇನೂ ಬ್ಯಾಡ್ರಿ. ಆ ಸೀಟಿನ ಸ್ಪ್ರಿಂಗ್ ಎದ್ದೈತಿ, ಅದೊಂದು ಛಲೋ ಮಾಡಿಸಿಕೊಡ್ರಿ. ಹುಬ್ಬಳ್ಳಿ ಮುಟ್ಟೂದ್ರಾಗ ಸೊಂಟ ನಂದಲ್ಲ ಅನಸ್ತೈತಿ.”

“ಸೀಟಿಂದು ನೋಡೂಣಂತ ತಗೋ” ಎಂದ ಸಾವಕಾರರು, ಮಿಲ್ಲಿನ ಅಂಗಳದಲ್ಲಿ ಮೈಕು ಕಟ್ಟಿಸಿ ಸನ್ಮಾನವನ್ನೇ ಇಟ್ಟುಕೊಂಡರು! ಕೊಡಬೇಕಾದ್ದನ್ನು ಕೊಡಲು ಮನಸ್ಸಿಲ್ಲದಾಗ ನಮ್ಮ ಜನ ಸನ್ಮಾನ ಮಾಡುತ್ತಾರೆ. ದ್ಯಾಮಣ್ಣನಿಗೆ ಶಾಲು ಹೊಚ್ಚಿ ‘ಸಾರಥಿ ಶಿರೋಮಣಿ’ ಎಂಬ ಬಿರುದು ಕೊಟ್ಟರು. ಸನ್ಮಾನಪತ್ರ ಬರೆದ ಪಾಪಿ ನಾನೇ. ‘ಸುಖಾಸೀನ’ ಎಂಬ ಮಾತನ್ನೂ ಅದರಲ್ಲಿ ತುರುಕಿದ್ದೆ. ನೆನೆಸಿಕೊಂಡರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಮರುದಿನ ಸಾವಕಾರರು ಲಾರಿಯೊಳಗೆ ಇಣುಕಿ ಕೆಂಡವಾದರು. ಜರಿ ಅಂಚಿನ ಶಾಲು ನಾಲ್ಕು ಮಡಿಕೆಯಾಗಿ ಸೀಟಿನ ಮೇಲಿತ್ತು, ಅದರ ಮೇಲೆ ದ್ಯಾಮಣ್ಣ ಇದ್ದ.

“ಲೇ, ನಾ ಹೊಚ್ಚಿದ ಶಾಲಿನ ಮ್ಯಾಲ ಕುಂತೀಯಲ್ಲೋ!”

“ಸಿಟ್ಟಾಗಬ್ಯಾಡ್ರಿ ಸಾವಕಾರ್ರ. ನೀವು ಕೊಟ್ಟಿದ್ರಾಗ ಉಪಯೋಗಕ್ಕ ಬಂದದ್ದು ಇದೊಂದರಿ.”

ವಾರದೊಳಗೆ ಅವನು ಎದುರಿನ ಮಿಲ್ಲಿಗೆ ಹೋದ. ಅಲ್ಲಿ ಅವನಿಗಾಗಿ ಹತ್ತಿಯ ಗಾದಿ ಹೊಲಿಸಿದ್ದರು, ಬಿರುದುಗಿರುದು ಏನೂ ಇರಲಿಲ್ಲ. ಆಮೇಲೆ ಬಂದ ಡ್ರೈವರುಗಳು ಪಗಾರ ಕೇಳುವ ಮೊದಲೇ ನಮ್ಮ ಲಾರಿ ಹತ್ತಿ, ಸೀಟನ್ನು ಅಂಗೈಯಿಂದ ಒಮ್ಮೆ ಒತ್ತಿ ನೋಡಿ, “ಬರ್ತೀನ್ರಿ” ಎಂದು ಇಳಿದುಹೋಗುತ್ತಿದ್ದರು. ಅಕ್ಕಿಗೆ ಹುಳ ಬಿದ್ದೇ ಬಿತ್ತು.

ಗುಮಾಸ್ತನೂ ಎಲ್ಲಿ ಹೋಗಿಬಿಡುತ್ತಾನೋ ಎಂದು ಸಾವಕಾರರಿಗೆ ದಿಗಿಲಾಯಿತು. ನನಗೂ ಒಂದು ಶಾಲು ಹೊಚ್ಚಿದರು. ನನ್ನ ಕುರ್ಚಿಯ ಬೆತ್ತ ಹರಿದು ತೂತು ಬಿದ್ದದ್ದನ್ನು ನಾನು ಮೂರು ಸಲ ಹೇಳಿದ್ದೆ. ಶಾಲನ್ನು ಮನೆಗೆ ಒಯ್ಯಲಿಲ್ಲ. ಎಲ್ಲರೆದುರೇ ನಾಲ್ಕು ಮಡಿಕೆ ಮಾಡಿ, ಕುರ್ಚಿಗೆ ಹಾಸಿ, ಕೂತೆ. ಸಾವಕಾರರು ನೋಡಿದರು. ಮರುದಿನವೇ ಬೆತ್ತ ಹೆಣೆಯುವವನು ಬಂದ.

ಆ ಪೈಲಟ್‌ಗಳಿಗೆ ಯಾರಾದರೂ ಇದನ್ನು ತಿಳಿಸಿದರೆ ಪುಣ್ಯ ಬಂದೀತು.