ಕಮಳಾಬಾಯಿ ಸೇರಿಸಿದ ಒಂದೂವರೆ ವರ್ಷ

ಹೆಣ್ಣುಮಕ್ಕಳ ಟೀಮು ಊರು ಬಿಟ್ಟು ಹೊರಗೆ ಹೋಗಬೇಕಾದರೆ ಜೊತೆಗೆ ಒಬ್ಬ ಹೆಂಗಸು ಇರಲೇಬೇಕು. ಬಸವಕಲ್ಯಾಣದ ಆ ಸಣ್ಣ ಸರ್ಕಾರಿ ಶಾಲೆಯಲ್ಲಿ ಮೂವರು ಮೇಡಂಗಳಿದ್ದರು. ಒಬ್ಬರಿಗೆ ಬಸ್ಸು ಹತ್ತಿದರೆ ವಾಂತಿ, ಒಬ್ಬರ ಮನೆಯಲ್ಲಿ ಅತ್ತೆ ಬಿಡುವುದಿಲ್ಲ, ಇನ್ನೊಬ್ಬರಿಗೆ ಬಿಸಿಲು ಆಗಿಬರುವುದಿಲ್ಲ. ಹೀಗಾಗಿ ಗೇಟು ತೆಗೆದು ಗಂಟೆ ಹೊಡೆದು ಕಸ ಗುಡಿಸುವ ಆಯಾ ಕಮಳಾಬಾಯಿಯ ಕೊರಳಿಗೆ ೧೯೯೧ರಲ್ಲಿ ಆ ಕೆಲಸ ಬಿತ್ತು. ಬಿದ್ದದ್ದು ಬಿದ್ದೇ ಬಿಟ್ಟಿತು, ಮತ್ತೆ ಯಾರೂ ತೆಗೆಯಲಿಲ್ಲ.

ಅವಳ ಕೈಚೀಲದಲ್ಲಿ ಸೇಫ್ಟಿ ಪಿನ್ನು, ಹಳೆಯ ಸೀರೆಯ ಪಟ್ಟಿ, ಅರಿಶಿನದ ಪುಡಿ, ಎರಡು ನಿಂಬೆಹಣ್ಣು ಯಾವಾಗಲೂ ಇರುತ್ತಿದ್ದವು. ಖೋ ಖೋ ಆಟದ ನಿಯಮ ಅವಳಿಗೆ ಪೂರ್ತಿ ಗೊತ್ತಿರಲಿಲ್ಲ. ಆದರೆ ಜಿಲ್ಲಾ ಟೀಮಿಗೆ ಹುಡುಗಿಯರು ಹೇಗೆ ಆಯ್ಕೆಯಾಗುತ್ತಾರೆ ಎಂಬುದು ಪಿ.ಟಿ. ಮಾಸ್ತರಿಗಿಂತ ಚೆನ್ನಾಗಿ ಗೊತ್ತಿತ್ತು. ಒಂದೊಂದು ವಯಸ್ಸಿನ ತಂಡಕ್ಕೆ ಒಟ್ಟು ಹನ್ನೆರಡು ಜಾಗ. ಪಂದ್ಯ ಗೆದ್ದು ಬಂದ ತಾಲೂಕಿನ ತಂಡಕ್ಕೆ ಐದು, ಅದರಲ್ಲಿ ಮಾತಿಲ್ಲ. ಉಳಿದವರನ್ನೆಲ್ಲ ಹುಮನಾಬಾದಿನ ಮೈದಾನದಲ್ಲಿ ಓಡಿಸಿ ನೋಡಿ ಇನ್ನೈದು. ಕಡೆಯ ಎರಡು ಕಮಿಟಿಯವು. ಆ ಎರಡಕ್ಕೆ ಯಾರು ಎಂಬುದು ಸೀಟಿ ಊದುವ ಮೊದಲೇ ಚಹಾ ಅಂಗಡಿಯಲ್ಲಿ ತೀರ್ಮಾನವಾಗಿರುತ್ತಿತ್ತು. ಹನ್ನೊಂದು ವರ್ಷ ಅವಳು ಇದನ್ನು ನೋಡಿದ್ದಳು. ಹೋಗುವಾಗ ಹಾಡುತ್ತ ಹೋದ ಹುಡುಗಿಯರು ಬರುವಾಗ ಬಸ್ಸು ರಾಜೇಶ್ವರ ಊರು ದಾಟುವುದರೊಳಗೆ ಅವಳ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದರು. ಅವಳು "ಬರೋ ವರ್ಷ ಇದ್ದೇ ಅದ" ಎನ್ನುತ್ತಿದ್ದಳು. ಹೇಳಿ ಹೇಳಿ ಆ ಮಾತು ಸವೆದು ಹೋಗಿತ್ತು.

೨೦೦೨ರ ಸೆಪ್ಟೆಂಬರಿನಲ್ಲಿ ಅವಳ ಜೊತೆ ಬಸ್ಸು ಹತ್ತಿದ ಆರು ಹುಡುಗಿಯರಲ್ಲಿ ಮೀನಾಜ್ ಒಬ್ಬಳು. ಪಾತ್ರೆಗೆ ಕಲಾಯಿ ಹಾಕುವ ಅಲ್ಲಾಬಕ್ಷನ ಮಗಳು. ಕಡ್ಡಿಯಂಥ ಕಾಲು, ಆದರೆ ಓಡಲು ನಿಂತಳೆಂದರೆ ಹಿಡಿಯಲು ಬಂದವರು ಗಾಳಿ ಹಿಡಿದು ವಾಪಸ್ ಹೋಗಬೇಕು. ಮನೆಯಲ್ಲಿ ಅಪ್ಪ ಒಂದೇ ಮಾತು ಹೇಳಿ ಕಳಿಸಿದ್ದ: ಜಿಲ್ಲಾ ಟೀಮಿನಲ್ಲಿ ಹೆಸರು ಬಂದರೆ ಆಡಲಿ, ಬರದಿದ್ದರೆ ಶಾಲೆ ಅಷ್ಟೇ, ಮೈದಾನ ಬಂದ್.

ಸಸ್ತಾಪುರ ಬಂಗ್ಲಾ ಸ್ಟಾಪಿನಲ್ಲಿ ಬಸ್ಸು ನಿಂತಾಗ ಮೀನಾಜ್, ಹುಡುಗಿಯರಿಗೆಲ್ಲ ಚಿಕ್ಕಮ್ಮನಂತಿದ್ದ ಕಮಳಾಬಾಯಿಯನ್ನು ಕೇಳಿದಳು, "ಮೌಶಿ, ಬರ್ತದಲ್ಲ ನನ್ನ ಹೆಸರು?"

"ನನಗೇನು ಕೇಳ್ತಿ? ನಾ ಕಮಿಟಿ ಇದ್ದೀನೇನು? ಕಾಲಿಗೆ ಕೇಳು."

ಕಾಲು ಚೆನ್ನಾಗಿಯೇ ಉತ್ತರ ಕೊಟ್ಟಿತು. ಹದಿನಾಲ್ಕು ವರ್ಷದೊಳಗಿನವರನ್ನು ಬೆಳಿಗ್ಗೆ ಓಡಿಸಿದರು, ಹದಿನೇಳರೊಳಗಿನವರ ಸರದಿ ಮಧ್ಯಾಹ್ನಕ್ಕಿತ್ತು. ಮೀನಾಜ್ ಬೆನ್ನಟ್ಟುವಾಗ ನಾಲ್ವರನ್ನು ಔಟ್ ಮಾಡಿದಳು. ಒಬ್ಬಳನ್ನಂತೂ ಕಂಬ ಹಿಡಿದು ಮೈ ಚಾಚಿ ಬಿದ್ದು ಮುಟ್ಟಿದಳು. ಮೊಣಕೈ ತರಚಿ ರಕ್ತ ಬಂತು. ಕಮಳಾಬಾಯಿ ಅರಿಶಿನ ಮೆತ್ತುತ್ತಿದ್ದಾಗಲೇ ಕಮಿಟಿಯ ಹಿರಿಯ ಕಾಶಿನಾಥರಾವ್ ಐದು ಹೆಸರು ಬರೆದು ಓದಿದರು. ಮೂರನೆಯದು ಮೀನಾಜ್. ಹುಡುಗಿ ರಕ್ತ ಸುರಿಯುವ ಕೈಯನ್ನೇ ಎತ್ತಿ ಕುಣಿದಳು.

ಅರ್ಧ ಗಂಟೆಯೂ ಆಗಿರಲಿಲ್ಲ. ಪಿ.ಟಿ. ಮಾಸ್ತರ ವೀರಭದ್ರ ಮುಖ ಸಪ್ಪಗೆ ಮಾಡಿಕೊಂಡು ಬಂದ.

"ಕಮಳಾಬಾಯಿ, ಕೆಲಸ ಕೆಟ್ಟದ. ಸರ್ಟಿಫಿಕೇಟ್ ನೋಡಿದ್ರು. ಮೀನಾಜ್ ಹದಿನಾಲ್ಕು ದಾಟ್ಯಾಳ. ಹೆಸರು ಹೊಡೆದುಬಿಟ್ರು."

"ದಾಟ್ಯಾಳ? ಆಕಿ ಮಾರಿ ನೋಡ್ರಿ ಸರ್, ಇನ್ನಾ ಹಲ್ಲು ಬೀಳಾಕತ್ತಾವ."

"ನಾನೂ ಮಾರಿ ನೋಡೇ ಲಿಸ್ಟ್ ಬರದಿದ್ದೆ. ಅದೇ ತಪ್ಪಾತು. ರಜಿಸ್ಟರ್ ತೆಗೆದು ನೋಡಬೇಕಿತ್ತು. ಜೂನ್ ಒಂದು, ಎಂಬತ್ತೆಂಟು ಅಂತ ಅದ."

ಕಮಳಾಬಾಯಿಯ ಕೈಯಲ್ಲಿದ್ದ ಅರಿಶಿನದ ಪೊಟ್ಟಣ ಅಲ್ಲೇ ನಿಂತಿತು. ಆ ಎಂಬತ್ತೆಂಟು ಎಲ್ಲಿಂದ ಬಂತೆಂಬುದು ಈ ಭೂಮಿಯ ಮೇಲೆ ಅವಳೊಬ್ಬಳಿಗೆ ಗೊತ್ತಿತ್ತು.

ಎಂಟು ವರ್ಷದ ಹಿಂದೆ ಒಂದನೇ ತರಗತಿಗೆ ಮಕ್ಕಳು ಕಡಿಮೆಯಾಗಿದ್ದರು. ಸಂಖ್ಯೆ ತುಂಬದಿದ್ದರೆ ಒಬ್ಬ ಮಾಸ್ತರನನ್ನು ಬೇರೆ ಕಡೆ ಎತ್ತಿ ಹಾಕುತ್ತಾರೆ. ಹೆಡ್ ಮಾಸ್ತರರು ಕಮಳಾಬಾಯಿಯನ್ನು ಓಣಿಗೆ ಅಟ್ಟಿದರು: "ಹೋಗು, ನಡೆಯೋ ಕೂಸು ಸಿಕ್ಕರ ಹಿಡ್ಕೊಂಡು ಬಾ." ಅವಳು ಮನೆಮನೆ ತಿರುಗಿ ಏಳು ಮಕ್ಕಳನ್ನು ಹಿಡಿದು ತಂದಳು. ಅಲ್ಲಾಬಕ್ಷನ ಮನೆ ಮುಂದೆ ಮಣ್ಣಿನಲ್ಲಿ ಆಡುತ್ತಿದ್ದ ಮೀನಾಜಳನ್ನು ಕಂಕುಳಲ್ಲಿ ಎತ್ತಿಕೊಂಡೇ ಬಂದಿದ್ದಳು. ಆಗ ಹುಡುಗಿಗೆ ನಾಲ್ಕೂವರೆ. "ಎಷ್ಟು ವರ್ಷ?" ಎಂದು ಹೆಡ್ ಮಾಸ್ತರರು ತಲೆ ಎತ್ತದೆ ಕೇಳಿದರು. "ಆರು" ಎಂದಳು ಇವಳು. ಅವರು ಆರು ವರ್ಷ ಹಿಂದೆ ಎಣಿಸಿ ಜೂನ್ ಒಂದು ಎಂದು ಬರೆದರು. ಶಾಲೆ ಶುರುವಾಗುವ ದಿನ ಸರಿಯಾಗಿ ಆರು ತುಂಬಲಿ ಎಂದು ಏಳು ಮಕ್ಕಳಿಗೂ ಅದೇ ತಾರೀಖು. ಸುಳ್ಳು ಎಂದು ಅವಳಿಗೆ ಆಗ ಅನ್ನಿಸಿರಲೇ ಇಲ್ಲ. ಮಗು ಶಾಲೆಗೆ ಬಂದರೆ ಪುಣ್ಯ, ಮಾಸ್ತರ ಉಳಿದರೆ ಇನ್ನೂ ಪುಣ್ಯ. ಇಷ್ಟೇ ಅಂದುಕೊಂಡಿದ್ದಳು.

ಅವಳು ಎದ್ದು ಸೀದಾ ಕಮಿಟಿಯ ಮೇಜಿನ ಮುಂದೆ ಹೋಗಿ ನಿಂತಳು.

"ಸಾಹೇಬ್ರ, ಆ ತಾರೀಖು ಖೊಟ್ಟಿ ಅದರಿ. ನಾನೇ ಬರೆಸೀನಿ. ಒಂದೂವರೆ ವರ್ಷ ಜಾಸ್ತಿ ಹೇಳಿದ್ದೆ."

ಕಾಶಿನಾಥರಾವ್ ಕನ್ನಡಕ ತೆಗೆದರು. "ಇಪ್ಪತ್ತು ವರ್ಷ ಆತು ಈ ಮೇಜಿನ ಮುಂದ ಕೂತು. ವಯಸ್ಸು ಕಡಿಮಿ ಮಾಡಿಸಿ ಕಳ್ಳರಾದವರನ್ನ ನೋಡೀನಿ. ಜಾಸ್ತಿ ಮಾಡಿಸಿ ಕಳ್ಳರಾದಾಕಿ ನೀ ಒಬ್ಬಾಕಿನೇ."

ಪಕ್ಕದವರು ನಕ್ಕರು. ಕಾಶಿನಾಥರಾವ್ ಲಿಸ್ಟನ್ನು ಅವಳ ಕಡೆ ತಿರುಗಿಸಿದರು. "ನೋಡಿಲ್ಲಿ. ನಲವತ್ತು ಹುಡುಗ್ಯಾರ. ಮೂವತ್ತೊಂದು ಮಂದಿ ಜೂನ್ ಒಂದಕ್ಕ ಹುಟ್ಟ್ಯಾರ. ನಮ್ಮ ಜಿಲ್ಲಾದಾಗ ಬ್ಯಾರೆ ದಿನ ಹೆರಿಗೀನೇ ಆಗಂಗಿಲ್ಲೇನು? ಎಲ್ಲಾ ಖೊಟ್ಟಿ ಅಂತ ನನಗೂ ಗೊತ್ತದ ತಂಗಿ. ಆದರ ನಿನ್ನ ಮಾತು ಕೇಳಿದ್ರ ಮೂವತ್ತೊಂದು ಮಂದಿದೂ ಕೇಳಬೇಕಾಗ್ತದ. ನಾ ಕಾಗದಾನೇ ನೋಡಬೇಕು."

ಕಮಳಾಬಾಯಿಗೆ ಮೈಯೆಲ್ಲ ಉರಿಯಿತು. ಉರಿದು ಏನು ಮಾಡುವುದು? ಆ ಮನುಷ್ಯ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

"ಕಾಗದದಾಗ ದೊಡ್ಡಾಕಿ ಇದ್ದಾಳಲ್ಲ," ಎಂದಳು. "ಹಂಗಾದ್ರ ಮಧ್ಯಾಹ್ನ ದೊಡ್ಡ ಹುಡುಗ್ಯಾರ ಜೋಡಿ ಓಡಸ್ರಿ. ಅದಕ್ಕೂ ಇಲ್ಲ ಅಂದ್ರ ನಿಮ್ಮ ಕಾಗದ ಎರಡೂ ಕಡಿ ಕಡೀತದ."

ಕಾಶಿನಾಥರಾವ್ ಕನ್ನಡಕ ಮತ್ತೆ ಏರಿಸಿ ಹೆಸರು ಬರೆದುಕೊಂಡರು. "ಬಿದ್ದು ಹಲ್ಲು ಮುರಕೊಂಡ್ರ ನನ್ನ ಕಡಿ ಬರಬ್ಯಾಡ್ರಿ ಮತ್ತ."

ಬೇವಿನ ಮರದ ಕೆಳಗೆ ಕೂತಿದ್ದ ಮೀನಾಜಳಿಗೆ ಅವಳು ಎಲ್ಲವನ್ನೂ ಹೇಳಿದಳು. ಹುಡುಗಿ ನಂಬಲಾರದೆ ನೋಡಿದಳು.

"ನೀ ಮಾಡಿದ್ದಾ ಮೌಶಿ? ನೀನಾ?"

"ಹೂಂ, ನಾನೇ. ಈಗ ಬೈಬ್ಯಾಡ, ಉಸುರು ಉಳಿಸ್ಕೊ. ಬಸ್ಸಿನಾಗ ಬೈಯಂತಿ."

ಹದಿನೇಳರೊಳಗಿನವರ ನಡುವೆ ಮೀನಾಜ್ ಹಬ್ಬದ ಸಂತೆಯಲ್ಲಿ ತಪ್ಪಿಸಿಕೊಂಡ ಮಗುವಿನಂತೆ ಕಾಣುತ್ತಿದ್ದಳು. ಓಡುವ ಸರದಿ ಬಂದಾಗ ಎರಡು ನಿಮಿಷ ಔಟಾಗದೆ ನಿಂತಳು. ಬಗ್ಗಿ, ನುಸುಳಿ, ಕಂಬದಿಂದ ಕಂಬಕ್ಕೆ ಸುತ್ತಿ ಎತ್ತರದ ಹುಡುಗಿಯರ ಕಂಕುಳ ಕೆಳಗಿಂದಲೇ ಪಾರಾದಳು. ನೋಡುತ್ತಿದ್ದವರು ಚಪ್ಪಾಳೆ ಹೊಡೆದರು. ಆದರೆ ಬೆನ್ನಟ್ಟುವಾಗ ಅವಳ ಕೈ ಯಾರಿಗೂ ನಿಲುಕಲಿಲ್ಲ. ಅವಳ ಮೂರು ಹೆಜ್ಜೆ ಅವರಿಗೆ ಎರಡು. ಸಂಜೆ ನಾಲ್ಕಕ್ಕೆ ದೊಡ್ಡವರ ತಂಡದ ಹನ್ನೆರಡು ಹೆಸರು ಓದಿದರು. ಮೀನಾಜ್ ಇರಲಿಲ್ಲ. ಕಮಿಟಿಯ ಎರಡು ಜಾಗ ಯಾರಿಗೆ ಹೋಯಿತೆಂದು ಕಮಳಾಬಾಯಿ ಕೇಳಿಸಿಕೊಳ್ಳಲೂ ಇಲ್ಲ.

ಬಸ್ಸಿನಲ್ಲಿ ಹುಡುಗಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಿಟಕಿಗೆ ಹಣೆ ಹಚ್ಚಿ ಕೂತವಳು ಊರು ಬರುವವರೆಗೆ ತಿರುಗಲಿಲ್ಲ. ಕಮಳಾಬಾಯಿಯ ಮೊಣಕಾಲುಗಳು ಬಾತಿದ್ದವು. ಮನೆಗೆ ಹೋಗಿ ಬಿದ್ದುಕೊಂಡರೆ ಸಾಕು ಎನ್ನಿಸಿತ್ತು. ಆದರೂ ಉಳಿದವರನ್ನು ಅವರವರ ಬಾಗಿಲಿಗೆ ಮುಟ್ಟಿಸಿ ಮೀನಾಜಳ ಹಿಂದೆಯೇ ಅಲ್ಲಾಬಕ್ಷನ ಮನೆಗೆ ಹೋದಳು.

ಅವನು ಅಂಗಳದಲ್ಲಿ ತಪೇಲಿಗೆ ಕಲಾಯಿ ಹಾಕುತ್ತ ಕೂತಿದ್ದ. ಮಗಳ ಮುಖ ನೋಡಿಯೇ ತಿಳಿಯಿತು. "ಆತಲ್ಲ? ಇನ್ನ ಮುಗೀತು. ಒಳಗ ಹೋಗು."

"ಮುಗೀಲಿಲ್ಲ ಭಾಯಿ," ಎಂದು ಕಮಳಾಬಾಯಿ ಕಟ್ಟೆಯ ಮೇಲೆ ಕೂತಳು. ಕಂಕುಳಲ್ಲಿ ಎತ್ತಿಕೊಂಡು ಹೋದ ದಿನದಿಂದ ಹಿಡಿದು ಎಲ್ಲ ಹೇಳಿದಳು. ಹೇಳಿ ಮುಗಿಸುವಷ್ಟರಲ್ಲಿ ಅವನ ಕುಲುಮೆಯ ಕೆಂಡ ಬೂದಿಯಾಗಿತ್ತು.

"ಎಂಟು ವರ್ಷ ಬಾಯಿ ಮುಚ್ಕೊಂಡು ಕೂತಿದ್ದೇನು ಕಮಳಕ್ಕ?"

"ನನಗ ನೆನಪೇ ಇರಲಿಲ್ಲ. ಇವತ್ತ ಗೊತ್ತಾತು. ಆಕಿ ಸೋತಿಲ್ಲ, ಬೆಳಿಗ್ಗೆ ಐದು ಮಂದ್ಯಾಗ ಮೂರನೇ ಹೆಸರು ಆಕೀದೇ ಇತ್ತು. ನನ್ನ ಬಾಯಿಂದ ಹೋತು."

"ಈಗ ನಾ ಏನು ಮಾಡ್ಲಿ?"

"ಒಂದೂವರೆ ವರ್ಷ ನಾ ಕದ್ದೀನಿ. ನೀ ಒಂದೂವರೆ ವರ್ಷ ಕೊಡು. ಆಕಿ ಕಾಲು ಬೆಳೀಲಿ. ಇನ್ನ ಮ್ಯಾಲ ದೊಡ್ಡವ್ರ ಜೋಡೀನೇ ಓಡಬೇಕು."

ಅಲ್ಲಾಬಕ್ಷನಿಗೆ ಸಿಟ್ಟು ಬರಬೇಕೋ ನಗು ಬರಬೇಕೋ ತಿಳಿಯಲಿಲ್ಲ. "ವಾಹ್ ರೇ ವಾ! ಕದ್ದಾಕಿ ನೀನು, ತುಂಬಾಂವ ನಾನು?"

"ನನ್ನ ಕಡಿ ಇದ್ರ ನಾನೇ ಕೊಡ್ತಿದ್ದೆ."

ಅವನು ತಪೇಲಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ಬಾಗಿಲ ಹಿಂದೆ ಮೀನಾಜಳ ನೆರಳಿತ್ತು. ಅದನ್ನು ನೋಡಿ ಅವನು ಜೋರಾಗಿ ಕೇಳಿದ, "ಎಷ್ಟ ಹೊತ್ತು ನಿಂತಿದ್ದೆ, ದೊಡ್ಡವ್ರ ಮುಂದ?"

"ಎರಡು ನಿಮಿಷ, ಅಬ್ಬಾಜಾನ್."

"ಇನ್ನೆರಡು ಸಲ ಹೋಗಿ ಬಾ. ಎರಡು ವರ್ಷ. ಅದರ ಮ್ಯಾಲ ಒಂದು ದಿನಾನೂ ಕೇಳಬ್ಯಾಡ."

ಮೀನಾಜ್ ಹೊರಗೆ ಬಂದಳು. ಕಮಳಾಬಾಯಿಯ ಕಡೆ ನೇರ ನೋಡದೆ, "ನಾಳೆ ಬೆಳಿಗ್ಗೆ ಆರಕ್ಕ ಸಾಲಿ ಗೇಟು ತೆಗೀತಿಯೇನು ಮೌಶಿ? ಸುತ್ತು ಹಾಕ್ತೀನಿ" ಎಂದಳು.

ಆರಕ್ಕೆ ಗೇಟು ತೆಗೆಯಬೇಕೆಂದರೆ ಐದಕ್ಕೆ ಏಳಬೇಕು. ಕಮಳಾಬಾಯಿ ಗೋಡೆ ಹಿಡಿದು ಎದ್ದಳು, ಒಂದು ಮೊಣಕಾಲು ಲಟಕ್ಕೆಂದಿತು. "ತೆಗೀತೀನಿ," ಎಂದು ಹೇಳಿ ಗೋಡೆ ಹಿಡಿದುಕೊಂಡೇ ಓಣಿಗೆ ಇಳಿದಳು.